ಮೂರು ಜಿಲ್ಲೆಗಳ ದಾಖಲಾತಿ ಕೆಲಸಗಳಿಗೆ ಒಂದು ಹಂಚಿಕೆಯ ಡೈರೆಕ್ಟರಿ ಕಟ್ಟುವುದು ಹೇಗೆ

ಇಂಡಿ ಸೀಮೆಯ ಒಬ್ಬ ಮಾಸ್ತರರು ಹಂತಿ ಪದಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸುತ್ತಿದ್ದಾರೆ ಎಂದುಕೊಳ್ಳಿ. ಕಣದಲ್ಲಿ ಎತ್ತುಗಳಿಂದ ತೆನೆ ತುಳಿಸುತ್ತ ಹಾಡುತ್ತಿದ್ದ ಪದಗಳು ಅವು. ಹಾಡಿದ ಹಿರಿಯರನ್ನು ಮಾತಿಗೆಳೆದರೆ ಜೋಳದ ಹಳೆಯ ತಳಿಗಳ ಹೆಸರು, ಕಣದ ಸಲಕರಣೆಗಳ ಹೆಸರು, ರಾಶಿ ಪೂಜೆಯ ಕ್ರಮ ಎಲ್ಲವೂ ಹೊರಬೀಳುತ್ತವೆ. ಪಕ್ಕದ ತಾಲ್ಲೂಕಿನಲ್ಲಿ ರೈತರ ಒಂದು ಗುಂಪು ಅದೇ ತಳಿಗಳ ಬೀಜಕ್ಕಾಗಿ ಊರೂರು ವಿಚಾರಿಸುತ್ತಿರುತ್ತದೆ. ಇವರ ಸುದ್ದಿ ಅವರಿಗಿಲ್ಲ, ಅವರ ಸುದ್ದಿ ಇವರಿಗಿಲ್ಲ. ವಿಜಯಪುರದಲ್ಲಿ ಆದಿಲ್‌ಶಾಹಿ ಕಾಲದಲ್ಲಿ ನೆಲದೊಳಗೆ ನೀರು ತರುತ್ತಿದ್ದ ಕರೇಜ್ ಸುರಂಗಗಳ ಗಾಳಿಬಾವಿಗಳನ್ನು ಗುರುತಿಸುತ್ತಿರುವವರು, ಬಾದಾಮಿ, ಐಹೊಳೆಗಳ ಸುತ್ತಲಿನ ಹಳ್ಳಿಗಳಲ್ಲಿ ಶಾಸನಗಳ ಚಿತ್ರ ತೆಗೆಯುವವರು, ಇಳಕಲ್ಲಿನಲ್ಲಿ ಕುಣಿಮಗ್ಗದ ಕಸುಬನ್ನು ಬರೆದಿಡುವವರು, ಸವದತ್ತಿ ಕಡೆ ಎಲ್ಲಮ್ಮನ ಚೌಡಕಿ ಪದ ಸಂಗ್ರಹಿಸುವವರು, ಹೀಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಉದ್ದಗಲಕ್ಕೂ ಇಂತಹ ಕೆಲಸಕ್ಕೆ ಅವಕಾಶವೂ ಇದೆ, ಆಸಕ್ತಿ ಇರುವವರೂ ಇದ್ದಾರೆ. ಅವರನ್ನು ಒಬ್ಬರಿಗೊಬ್ಬರು ಕಾಣುವಂತೆ ಮಾಡುವ ಒಂದು ಸಾಮಾನ್ಯ ಜಾಗ ಬೇಕು. ಅದನ್ನು ನೀವೇ, ಐದಾರು ಜನ ಸೇರಿ, ಹಣ ಖರ್ಚಿಲ್ಲದೆ ಕಟ್ಟಬಹುದು.

ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಡೈರೆಕ್ಟರಿ ಎಂದರೆ ಹೆಸರು, ವಿಳಾಸ, ಫೋನ್ ಸಂಖ್ಯೆ ಎಂದು ತಿಳಿದು ಹೊರಟರೆ ಅದನ್ನು ಯಾರೂ ಎರಡನೆಯ ಸಲ ತೆರೆದು ನೋಡುವುದಿಲ್ಲ. ಒಂದು ಕೆಲಸದ ಬಳಿ ಏನಿದೆ, ಅದಕ್ಕೆ ಏನು ಬೇಕಾಗಿದೆ, ಅದು ಬೇರೆ ಯಾವ ಕೆಲಸಕ್ಕೆ ತಾಗಿಕೊಂಡಿದೆ ಎಂಬ ಮೂರು ಸಂಗತಿಗಳನ್ನು ಹೇಳಿದಾಗ ಮಾತ್ರ ಅದು ಜನರ ಉಪಯೋಗಕ್ಕೆ ಬೀಳುತ್ತದೆ. ಈ ಲೇಖನದ ಎಲ್ಲ ಹೆಜ್ಜೆಗಳೂ ಆ ಮೂರರ ಕಡೆಗೇ ಸಾಗುತ್ತವೆ.

ಮೊದಲು ಎಲ್ಲೆ ಹಾಕಿಕೊಳ್ಳಿ

ಕಂಪ್ಯೂಟರ್ ತೆರೆಯುವ ಮುನ್ನ ಒಂದು ಕಾಗದದ ಮೇಲೆ ಎರಡು ವಾಕ್ಯ ಬರೆಯಿರಿ: ಯಾವ ಬಗೆಯ ಕೆಲಸ ಈ ಪಟ್ಟಿಗೆ ಸೇರುತ್ತದೆ, ಯಾವುದು ಸೇರುವುದಿಲ್ಲ. ‘ಮೂರು ಜಿಲ್ಲೆಗಳ ಜನಪದ, ಕಸುಬು, ನೀರು, ಬೀಜ, ಶಾಸನ ಇವುಗಳಲ್ಲಿ ಯಾವುದನ್ನಾದರೂ ಒಬ್ಬರಿಗಿಂತ ಹೆಚ್ಚು ಜನ ಸೇರಿ ದಾಖಲಿಸುತ್ತಿರುವ, ಫಲಿತಾಂಶವನ್ನು ಇತರರೊಡನೆ ಹಂಚಿಕೊಳ್ಳಲು ಸಿದ್ಧವಿರುವ ಕೆಲಸಗಳು’ ಎಂಬುದು ಒಂದು ಒಳ್ಳೆಯ ಎಲ್ಲೆ. ಇದರಲ್ಲಿ ಸೀರೆ ಅಂಗಡಿ ಬರುವುದಿಲ್ಲ, ಪ್ರವಾಸಿ ಮಾರ್ಗದರ್ಶನದ ವ್ಯವಹಾರ ಬರುವುದಿಲ್ಲ. ಒಬ್ಬರೇ ಕುಳಿತು ಬರೆಯುತ್ತಿರುವ ಪಿಎಚ್.ಡಿ. ಪ್ರಬಂಧವೂ ಬರುವುದಿಲ್ಲ. ಆದರೆ ಆ ಸಂಶೋಧಕರು ತಮ್ಮ ಕ್ಷೇತ್ರಕಾರ್ಯದ ಧ್ವನಿಮುದ್ರಣಗಳನ್ನು ಬೇರೆಯವರಿಗೂ ಕೇಳಿಸಲು ಒಪ್ಪಿದರೆ ಬರುತ್ತದೆ.

ಎಲ್ಲೆಯನ್ನು ಚಿಕ್ಕದಾಗಿಡಿ. ಆರಂಭದಲ್ಲೇ ಇಡೀ ಉತ್ತರ ಕರ್ನಾಟಕ ಎಂದು ಹೊರಟರೆ ಕಲಬುರಗಿ, ರಾಯಚೂರುಗಳ ನಮೂದುಗಳನ್ನು ಪರಿಶೀಲಿಸಲು ನಿಮಗೆ ಅಲ್ಲಿನವರು ಯಾರೂ ಸಿಗುವುದಿಲ್ಲ. ನಿಮ್ಮ ಕಾಲು ಮತ್ತು ನಿಮ್ಮ ಪರಿಚಯ ಎಷ್ಟು ದೂರ ಹೋಗುತ್ತವೆಯೋ ಅಷ್ಟೇ ನಿಮ್ಮ ಡೈರೆಕ್ಟರಿಯ ಗಡಿ.

ಕೆಲಸ ಮಾಡುತ್ತಿರುವವರನ್ನು ಹುಡುಕುವುದು

ವಿಜಯಪುರದಲ್ಲಿ ವಕೀಲಿ ಮಾಡಿಕೊಂಡಿದ್ದ ಫ.ಗು. ಹಳಕಟ್ಟಿಯವರು ವಚನಗಳ ತಾಳೆಗರಿ ಕಟ್ಟುಗಳಿಗಾಗಿ ಊರೂರು ಅಲೆದದ್ದು ನಮ್ಮ ಭಾಗದ ಎಲ್ಲರಿಗೂ ಗೊತ್ತಿರುವ ಸಂಗತಿ. ಯಾರ ಮನೆಯಲ್ಲಿ, ಯಾವ ಮಠದಲ್ಲಿ ಯಾವ ಕಟ್ಟು ಇದೆ ಎಂದು ತಿಳಿಯದೆ ಆ ಸಂಪಾದನೆಯ ಕೆಲಸ ಆರಂಭವಾಗುವುದೇ ಸಾಧ್ಯವಿರಲಿಲ್ಲ. ಇಂದಿಗೂ ಅಂತರಜಾಲದಲ್ಲಿ ಹುಡುಕಿದರೆ ನಿಮಗೆ ಕಾಣುವುದು ಇಂತಹ ಕೆಲಸಗಳ ಒಂದು ಸಣ್ಣ ಪಾಲು ಮಾತ್ರ. ಉಳಿದದ್ದು ಜನರ ಬಾಯಲ್ಲಿದೆ.

ಎಲ್ಲಿ ಕೇಳಬೇಕು? ಪದವಿ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ಅಧಿಕಾರಿಗಳನ್ನು ಕೇಳಿ; ಅವರ ವಿಶೇಷ ಶಿಬಿರಗಳಲ್ಲಿ ಹಳ್ಳಿಯ ಸಮೀಕ್ಷೆ ನಡೆದಿರುತ್ತದೆ, ವರದಿ ಕಪಾಟಿನಲ್ಲಿ ಕುಳಿತಿರುತ್ತದೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ ಇವುಗಳ ವಿಭಾಗಗಳಿಗೆ ಖುದ್ದಾಗಿ ಹೋಗಿ. ನೇಕಾರರ ಸಹಕಾರಿ ಸಂಘಗಳ ಕಾರ್ಯದರ್ಶಿಗಳು, ಗ್ರಾಮ ಪಂಚಾಯಿತಿಯ ಗ್ರಂಥಾಲಯ ಅಂದರೆ ಅರಿವು ಕೇಂದ್ರದ ಮೇಲ್ವಿಚಾರಕರು, ಹೈಸ್ಕೂಲಿನ ಸಮಾಜ ವಿಜ್ಞಾನದ ಶಿಕ್ಷಕರು, ಶ್ರೀಕೃಷ್ಣ ಪಾರಿಜಾತ ಆಟದ ಮೇಳದವರು, ಮಠಗಳ ಗ್ರಂಥಭಂಡಾರ ನೋಡಿಕೊಳ್ಳುವವರು, ಇವರೆಲ್ಲರಿಗೂ ತಮ್ಮ ಊರಿನಲ್ಲಿ ಯಾರು ಏನು ಬರೆದಿಡುತ್ತಿದ್ದಾರೆ ಎಂಬುದು ಗೊತ್ತಿರುತ್ತದೆ. ಪ್ರತಿಯೊಬ್ಬರಿಗೂ ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿ: ‘ನಿಮ್ಮಂತೆಯೇ ಕೆಲಸ ಮಾಡುವ ಇನ್ನಿಬ್ಬರ ಹೆಸರು ಹೇಳುತ್ತೀರಾ?’ ಹೊಸ ಹೆಸರು ಬರುವುದು ನಿಂತಾಗ ನಿಮ್ಮ ಮೊದಲ ಸುತ್ತು ಮುಗಿಯಿತು ಎಂದು ತಿಳಿಯಬಹುದು.

ಬೆಳಗಾವಿ ಜಿಲ್ಲೆಯಲ್ಲಿ ಮರಾಠಿಯಲ್ಲಿ, ವಿಜಯಪುರದಲ್ಲಿ ಉರ್ದುವಿನಲ್ಲಿ ನಡೆಯುವ ದಾಖಲಾತಿಯನ್ನು ಬಿಡಬೇಡಿ. ಖಾನಾಪುರದ ಓವಿಗಳನ್ನು (ಮರಾಠಿಯ ಬೀಸುವ ಪದಗಳನ್ನು) ಸಂಗ್ರಹಿಸುವವರೂ ರಾಯಬಾಗದ ಬೀಸುವ ಪದಗಳನ್ನು ಸಂಗ್ರಹಿಸುವವರೂ ಬೀಸುಕಲ್ಲಿನ ಮುಂದೆಯೇ ಕುಳಿತಿರುತ್ತಾರೆ. ಭಾಷೆ ಬೇರೆಯಾಯಿತು ಎಂಬ ಒಂದೇ ಕಾರಣಕ್ಕೆ ಅವರಿಬ್ಬರೂ ಭೇಟಿಯಾಗದೆ ಉಳಿಯುವುದು ನನಗೆ ಬಹಳ ಸಂಕಟದ ವಿಷಯ.

ಕಾಲಂಗಳನ್ನು ಕೂಡಿಸುವುದು

ಒಂದು ಸ್ಪ್ರೆಡ್‌ಶೀಟ್ ಸಾಕು. ಒಂದು ಕೆಲಸಕ್ಕೆ ಒಂದು ಸಾಲು. ಕಾಲಂಗಳು ತೀರಾ ಹೆಚ್ಚಾದರೆ ತುಂಬುವವರು ಬೇಸರಪಡುತ್ತಾರೆ, ಅರ್ಧಕ್ಕೇ ಬಿಡುತ್ತಾರೆ. ನಾನು ಬಿಡದೆ ಇಡುವ ಕಾಲಂಗಳು ಇವು.

ಗುರುತಿನ ಸಂಖ್ಯೆ ಮೊದಲನೆಯದು. ‘ಬಾಗ-014’, ‘ವಿಜ-003’ ಎಂಬಂತೆ. ಕೆಲಸದ ಹೆಸರು ಬದಲಾಗಬಹುದು, ನಡೆಸುವವರು ಬದಲಾಗಬಹುದು. ಈ ಸಂಖ್ಯೆ ಎಂದೂ ಬದಲಾಗಬಾರದು. ಕೆಲಸ ನಿಂತುಹೋದರೂ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬಾರದು. ಮುಂದೆ ಕೊಂಡಿಗಳನ್ನು ಬೆಸೆಯುವುದೆಲ್ಲ ಈ ಸಂಖ್ಯೆಯ ಆಧಾರದ ಮೇಲೆಯೇ.

ಆಮೇಲೆ ಕೆಲಸದ ಹೆಸರು, ಒಂದು ಸಾಲಿನ ವಿವರಣೆ, ವಿಷಯ, ಸ್ಥಳ, ಬಳಸುವ ಭಾಷೆ, ಆರಂಭದ ವರ್ಷ, ಸಂಪರ್ಕದ ದಾರಿ. ವಿಷಯದ ಕಾಲಂನಲ್ಲಿ ಯಾರೂ ಮನಬಂದಂತೆ ಬರೆಯದ ಹಾಗೆ ಆಯ್ಕೆಪಟ್ಟಿ ಇಡಿ. ‘ಜಾನಪದ’, ‘ಜನಪದ’, ‘ಜನಪದ ಹಾಡು’ ಎಂದು ಮೂವರು ಮೂರು ಬಗೆಯಲ್ಲಿ ಬರೆದರೆ ಹುಡುಕುವವರಿಗೆ ಅದರಲ್ಲಿ ಒಂದು ಮಾತ್ರ ಸಿಗುತ್ತದೆ. ಹಾಡು, ಆಟ, ನೇಯ್ಗೆ, ಶಾಸನ, ಹಸ್ತಪ್ರತಿ, ಬಾವಿ ಮತ್ತು ಕೆರೆ, ಬೀಜ, ಅಡುಗೆ, ನಕ್ಷೆ, ಪದಸಂಗ್ರಹ: ಇಷ್ಟರಿಂದ ಆರಂಭಿಸಿ. ಒಂದು ಕೆಲಸಕ್ಕೆ ಎರಡು ವಿಷಯ ಕೊಡಲು ಅವಕಾಶ ಇರಲಿ.

ಇನ್ನು ಅತಿ ಮುಖ್ಯವಾದ ಎರಡು: ‘ನಮ್ಮಲ್ಲಿ ಇರುವುದು’ ಮತ್ತು ‘ನಮಗೆ ಬೇಕಾದದ್ದು’. ಇವೆರಡನ್ನೂ ಆಯ್ಕೆಪಟ್ಟಿಯಿಂದ ತುಂಬಿಸಬೇಡಿ, ಅವರವರ ಮಾತಿನಲ್ಲೇ ಬರೆಸಿ. ‘ಜನಪದ ಸಾಮಗ್ರಿ ಇದೆ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಹಂತಿ ಪದಗಳ ಧ್ವನಿಮುದ್ರಣ ಇದೆ, ಹಾಡಿದವರ ಊರು ಮತ್ತು ವಯಸ್ಸು ಬರೆದಿಟ್ಟಿದ್ದೇವೆ, ಪಠ್ಯ ಇನ್ನೂ ಬರೆದಿಲ್ಲ’ ಎಂದಾಗ ಓದುವವರ ತಲೆಯಲ್ಲಿ ಕೆಲಸ ಆರಂಭವಾಗುತ್ತದೆ. ಬೇಕಾದದ್ದೂ ಹಾಗೆಯೇ. ‘ಸಹಾಯ ಬೇಕು’ ಎನ್ನುವುದನ್ನು ಒಪ್ಪಬೇಡಿ. ‘ಮರಾಠಿಯ ಹಳೆಯ ಮೋಡಿ ಲಿಪಿಯ ಕಾಗದ ಓದಬಲ್ಲವರು ಬೇಕು’, ‘ಒಳ್ಳೆಯ ಮೈಕ್ ಒಂದು ವಾರದ ಮಟ್ಟಿಗೆ ಬೇಕು’, ‘ಇಳಕಲ್ ಸೀರೆಯ ಮೈ ಮತ್ತು ಸೆರಗಿನ ಹಾಸುಗಳನ್ನು ಕೊಂಡಿ ಹಾಕಿ ಕೂಡಿಸುವುದನ್ನು ಹತ್ತಿರದಿಂದ ಚಿತ್ರೀಕರಿಸಲು ಒಬ್ಬರು ಬೇಕು’ ಎಂದು ಬರೆಸಿ. ಅಂತಹ ಕೋರಿಕೆಗೆ ಯಾರಾದರೂ ಉತ್ತರ ಕೊಡುತ್ತಾರೆ. ನಿಮ್ಮ ಡೈರೆಕ್ಟರಿಯ ಬೆಲೆ ಈ ಎರಡು ಕಾಲಂಗಳಲ್ಲಿದೆ. ಆದ್ದರಿಂದ ಇವುಗಳನ್ನು ತುಂಬಿಸಲು ಫೋನಿನಲ್ಲಿ ಅರ್ಧ ಗಂಟೆ ಹೋದರೂ ಅದು ಹೆಚ್ಚಲ್ಲ.

ಕೊನೆಗೆ ಸ್ಥಿತಿ (ನಡೆಯುತ್ತಿದೆ, ಸದ್ಯ ನಿಂತಿದೆ, ಮುಗಿದಿದೆ), ‘ಕೊನೆಯ ಪರಿಶೀಲನೆಯ ದಿನಾಂಕ’, ಪರಿಶೀಲಿಸಿದವರು. ದಿನಾಂಕವನ್ನು 2025-02-10 ಎಂಬ ಕ್ರಮದಲ್ಲಿ, ವರ್ಷ ಮೊದಲು ಬರುವಂತೆ ಬರೆಯಿರಿ. ಹೊಂದಿಸುವಾಗ ತಾನಾಗಿಯೇ ಸಾಲಾಗಿ ನಿಲ್ಲುತ್ತದೆ. ಅಂಕಿಗಳನ್ನು ಕನ್ನಡದಲ್ಲಿ ಬರೆಯುವ ಆಸೆ ಸಹಜ, ನನಗೂ ಇದೆ. ಆದರೆ ಸ್ಪ್ರೆಡ್‌ಶೀಟ್ ಅವುಗಳನ್ನು ಸಂಖ್ಯೆ ಎಂದು ಎಣಿಸದೆ ಬರೀ ಅಕ್ಷರ ಎಂದು ಎಣಿಸಿಬಿಡಬಹುದು. ಆದ್ದರಿಂದ ಈ ಶೀಟಿನ ಮಟ್ಟಿಗೆ 1, 2, 3 ಇರಲಿ.

ಊರಿನ ಹೆಸರಿನ ತೊಡಕು

ನಮ್ಮ ಮೂರು ಜಿಲ್ಲೆಗಳಲ್ಲಿ ಸ್ಥಳದ ಕಾಲಂ ಸುಲಭವಲ್ಲ. ಅದಕ್ಕೆ ಕಾರಣಗಳು ಒಂದಲ್ಲ, ಹಲವು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಇಳಕಲ್, ಬಾದಾಮಿ, ಹುನಗುಂದ ಎಲ್ಲವೂ ಬಿಜಾಪುರ ಜಿಲ್ಲೆಯೇ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದದ್ದು ಬೆಳಗಾವಿಯಾಯಿತು. ಆಮೇಲೆ ಹೊಸ ತಾಲ್ಲೂಕುಗಳು ಬಂದವು. ಹುನಗುಂದದಿಂದ ಇಳಕಲ್, ಬಾದಾಮಿಯಿಂದ ಗುಳೇದಗುಡ್ಡ, ಜಮಖಂಡಿಯಿಂದ ರಬಕವಿ-ಬನಹಟ್ಟಿ ಬೇರೆಯಾದವು. ಚಡಚಣ ಇಂಡಿಯಿಂದ, ತಾಳಿಕೋಟೆ ಮುದ್ದೇಬಿಹಾಳದಿಂದ, ನಿಪ್ಪಾಣಿ ಚಿಕ್ಕೋಡಿಯಿಂದ, ಮೂಡಲಗಿ ಗೋಕಾಕದಿಂದ ಹೊರಬಂದವು. ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆಯ) ನೇಯ್ಗೆಯ ಬಗ್ಗೆ ಇಪ್ಪತ್ತು ವರ್ಷಗಳ ಹಿಂದಿನ ಒಂದು ಸಮೀಕ್ಷೆ ಇದ್ದರೆ ಅದರ ಮೇಲೆ ಬಾದಾಮಿ ತಾಲ್ಲೂಕು ಎಂದು ಬರೆದಿರುತ್ತದೆ. ಇಂದಿನದರ ಮೇಲೆ ಗುಳೇದಗುಡ್ಡ ತಾಲ್ಲೂಕು ಎಂದು. ತಾಲ್ಲೂಕಿನ ಹೆಸರಿನಿಂದ ಹುಡುಕುವವರಿಗೆ ಎರಡೂ ಒಟ್ಟಿಗೆ ಸಿಗುವುದಿಲ್ಲ.

ಇದಕ್ಕಿಂತ ಆಳವಾದ ತೊಡಕು ಆಲಮಟ್ಟಿ ಜಲಾಶಯದ ಹಿನ್ನೀರಿನ ಹಳ್ಳಿಗಳದ್ದು. ಮುಳುಗಡೆಯಾದ ಊರು ಒಂದು ಕಡೆ, ಅದೇ ಹೆಸರಿನ ಪುನರ್ವಸತಿ ಕೇಂದ್ರ ಇನ್ನೊಂದು ಕಡೆ. ಹಳೆಯ ಊರಿನ ಗುಡಿಯ ಮುಂದಿದ್ದ ವೀರಗಲ್ಲಿನ ದಾಖಲೆಯನ್ನು ಹೊಸ ಊರಿನ ನಕ್ಷೆಯ ಮೇಲೆ ಚುಕ್ಕೆ ಇಟ್ಟು ತೋರಿಸಿದರೆ ಮುಂದಿನ ಸಂಶೋಧಕರು ದಾರಿ ತಪ್ಪುತ್ತಾರೆ. ಇಂತಹ ಊರುಗಳಿಗೆ ‘ಹಳೆಯ ಸ್ಥಳ’ ಎಂಬ ಪ್ರತ್ಯೇಕ ಕಾಲಂ ಇಡಲೇಬೇಕು. ಊರನ್ನು ಕಳೆದುಕೊಂಡ ಜನರ ನೆನಪಿಗೆ ನಾವು ತೋರಿಸಬಹುದಾದ ಕನಿಷ್ಠ ಗೌರವ ಅದು.

ಇದಲ್ಲದೆ ಒಂದೇ ಹೆಸರಿನ ಹಳ್ಳಿಗಳು ಬೇಕಾದಷ್ಟಿವೆ. ಹೊಸೂರ ಎಂದಷ್ಟೇ ಬರೆದರೆ ಯಾವ ಹೊಸೂರ? ಊರಿನ ಹೆಸರಿನ ಮುಂದೆ ಬರುವ ಬುದ್ರುಕ (ದೊಡ್ಡದು), ಖುರ್ದ (ಚಿಕ್ಕದು) ಎಂಬುದನ್ನು ಕೆಲವರು ಪೂರ್ತಿ ಬರೆಯುತ್ತಾರೆ, ಕೆಲವರು ಬಿ.ಕೆ., ಕೆ.ಎಚ್. ಎಂದು ಬರೆಯುತ್ತಾರೆ, ಕೆಲವರು ಬಿಟ್ಟೇಬಿಡುತ್ತಾರೆ.

ಪರಿಹಾರ ಸರಳವಾಗಿದೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ‘ಲೋಕಲ್ ಗವರ್ನಮೆಂಟ್ ಡೈರೆಕ್ಟರಿ’ಯಲ್ಲಿ ದೇಶದ ಪ್ರತಿ ಗ್ರಾಮಕ್ಕೂ ಒಂದು ಸಂಕೇತ ಸಂಖ್ಯೆ ಇದೆ, ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ನಿಮ್ಮ ಶೀಟಿನಲ್ಲಿ ಊರಿನ ಹೆಸರಿನ ಪಕ್ಕದಲ್ಲೇ ಆ ಸಂಖ್ಯೆಯನ್ನು ಬರೆಯಿರಿ. ಹೆಸರನ್ನು ಜನ ಹೇಗೆ ಬರೆದರೂ ಸಂಖ್ಯೆ ಒಂದೇ ಇರುತ್ತದೆ. ಜೊತೆಗೆ ‘ಇತರ ಹೆಸರುಗಳು’ ಎಂಬ ಕಾಲಂನಲ್ಲಿ ಬಿಜಾಪುರ, ಇಲಕಲ್ಲ, ಗುಲೇದಗುಡ್ಡ ಎಂಬಂತಹ ಎಲ್ಲ ರೂಪಗಳನ್ನೂ ಹಾಕಿಬಿಡಿ. ಹುಡುಕುವವರು ಯಾವುದನ್ನು ಟೈಪ್ ಮಾಡಿದರೂ ಸಾಲು ಸಿಗಬೇಕು.

ಅಕ್ಷರಗಳ ವಿಷಯ

ಕಾಲೇಜು, ಸಂಘಗಳಿಂದ ಬರುವ ಹಳೆಯ ಕಡತಗಳಲ್ಲಿ ಹೆಚ್ಚಿನವು ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇರುತ್ತವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಅವುಗಳನ್ನು ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡ್‌ಗೆ ಪರಿವರ್ತಿಸದೆ ಡೈರೆಕ್ಟರಿಗೆ ಸೇರಿಸಬಾರದು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತನೆಯ ನಂತರ ಅರ್ಕಾವೊತ್ತು ಇರುವ ಪದಗಳನ್ನು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ಓದಿ. ಧರ್ಮ, ಕಾರ್ಯ, ಸೂರ್ಯ ಇಂತಹ ಪದಗಳಲ್ಲಿ ಅಕ್ಷರ ಹಿಂದುಮುಂದಾಗುವುದು ಸಾಮಾನ್ಯ.

ಯೂನಿಕೋಡ್‌ನಲ್ಲೇ ಟೈಪ್ ಮಾಡಿದರೂ ಒಂದು ಅಡಗಿದ ತೊಂದರೆ ಇದೆ. ‘ಸಾಫ್ಟ್‌ವೇರ್’ ಎಂಬಂತಹ ಪದದ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕುಳಿತಿರುತ್ತದೆ. ಒಬ್ಬರ ಕೀಲಿಮಣೆ ಅದನ್ನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ‘ಕೋ’ ಎಂಬ ಅಕ್ಷರದ ದೀರ್ಘ ಓಕಾರವನ್ನೂ ಒಂದೇ ಸಂಕೇತವಾಗಿ ಅಥವಾ ಬಿಡಿ ಸಂಕೇತಗಳ ಜೋಡಣೆಯಾಗಿ ಬರೆಯಲು ಸಾಧ್ಯ. ಕಣ್ಣಿಗೆ ಎರಡೂ ‘ಬಾಗಲಕೋಟೆ’. ಕಂಪ್ಯೂಟರಿಗೆ ಬೇರೆ ಬೇರೆ ಪದಗಳಾಗಿಬಿಡಬಹುದು. ಊರು ಮತ್ತು ವಿಷಯಗಳನ್ನು ಆಯ್ಕೆಪಟ್ಟಿಯಿಂದಲೇ ಆರಿಸುವಂತೆ ಮಾಡಿದರೆ ಈ ಕಷ್ಟದ ಬಹುಪಾಲು ತಪ್ಪುತ್ತದೆ.

ಶೀಟನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಕಡತವಾಗಿ ಉಳಿಸುವಾಗ ಕನ್ನಡ ಅಕ್ಷರ ಉಳಿಯುವಂತೆ ಯುಟಿಎಫ್-8 ಎಂಬ ಆಯ್ಕೆ ಇರಲಿ. ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಕನ್ನಡ ಕೆಟ್ಟು ಕಂಡರೆ ಗಾಬರಿಯಾಗಬೇಡಿ, ಕಡತ ಕೆಟ್ಟಿರುವುದಿಲ್ಲ. ಡೇಟಾ ಆಮದು ಮಾಡುವ ಆಯ್ಕೆಯಿಂದ ಯುಟಿಎಫ್-8 ಎಂದು ಸೂಚಿಸಿ ತೆರೆಯಿರಿ, ಅಥವಾ ಲಿಬ್ರೆಆಫೀಸ್ ಕ್ಯಾಲ್ಕ್ ಬಳಸಿ.

ಕೊಂಡಿಗಳ ಶೀಟ್

ಇಲ್ಲಿಗೆ ನಿಮ್ಮ ಬಳಿ ಒಂದು ಒಳ್ಳೆಯ ಪಟ್ಟಿ ಇದೆ. ಅದು ಡೈರೆಕ್ಟರಿಯಾಗಬೇಕಾದರೆ ಇನ್ನೊಂದು ಶೀಟ್ ಬೇಕು. ಅದರಲ್ಲಿ ಮುಖ್ಯವಾಗಿ ಮೂರೇ ಕಾಲಂ: ಮೊದಲ ಕೆಲಸದ ಗುರುತಿನ ಸಂಖ್ಯೆ, ಸಂಬಂಧದ ಬಗೆ, ಎರಡನೆಯ ಕೆಲಸದ ಗುರುತಿನ ಸಂಖ್ಯೆ. ಪಕ್ಕದಲ್ಲಿ ಒಂದು ವಾಕ್ಯದ ಟಿಪ್ಪಣಿ.

ಸಂಬಂಧದ ಬಗೆಗಳನ್ನು ಬೆರಳೆಣಿಕೆಯಷ್ಟಕ್ಕೆ ನಿಲ್ಲಿಸಿ. ‘ಸಾಮಗ್ರಿ ಕೊಡುತ್ತದೆ’, ‘ಒಂದೇ ಊರಿನಲ್ಲಿ ಕೆಲಸ ಮಾಡುತ್ತದೆ’, ‘ಸಲಕರಣೆ ಹಂಚಿಕೊಳ್ಳುತ್ತದೆ’, ‘ಹಳೆಯ ಕೆಲಸದ ಮುಂದುವರಿಕೆ’, ‘ಕೂಡಿ ಮಾಡಬಹುದು’. ಇವುಗಳಲ್ಲಿ ಕೆಲವಕ್ಕೆ ದಿಕ್ಕಿದೆ ಎಂಬುದನ್ನು ಗಮನಿಸಿ. ಹಂತಿ ಪದದವರು ಬೀಜದ ಗುಂಪಿಗೆ ತಳಿಗಳ ಹೆಸರು ಕೊಡುತ್ತಾರೆ. ಬೀಜದ ಗುಂಪು ಅವರಿಗೆ ಹೊಸ ಹಾಡುಗಾರರ ಪರಿಚಯ ಕೊಡಬಹುದು. ಅವು ಎರಡು ಬೇರೆ ಸಾಲುಗಳು. ‘ಸಂಬಂಧವಿದೆ’ ಎಂಬ ಒಂದೇ ಮೊಂಡು ಬಗೆಯನ್ನು ಇಟ್ಟುಕೊಂಡರೆ ಎಲ್ಲದಕ್ಕೂ ಎಲ್ಲವೂ ಸಂಬಂಧಿಸಿಬಿಡುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ.

ಕೊಂಡಿಗಳನ್ನು ಕಂಡುಹಿಡಿಯುವುದು ಹೇಗೆ? ಮೊದಲು ಊರಿನ ಸಂಕೇತ ಸಂಖ್ಯೆಯ ಪ್ರಕಾರ ಶೀಟನ್ನು ಹೊಂದಿಸಿ. ಒಂದೇ ಊರಿನಲ್ಲಿ ಎರಡು ಕೆಲಸಗಳಿದ್ದರೆ ಅವು ಪಕ್ಕಪಕ್ಕ ಬಂದು ನಿಲ್ಲುತ್ತವೆ. ಶಾಸನಗಳ ಚಿತ್ರ ತೆಗೆಯಲು ಹೋಗುವವರು ಅದೇ ಊರಿನ ಹಳೆಯ ಬಾವಿಯ ಚಿತ್ರವನ್ನೂ ತೆಗೆದು ತರಬಹುದು. ಬಾವಿಯ ಗೋಡೆಯಲ್ಲೇ ಶಾಸನ ಇರುವುದೂ ಉಂಟು. ಆಮೇಲೆ ‘ನಮಗೆ ಬೇಕಾದದ್ದು’ ಕಾಲಂನ ಪ್ರತಿ ಸಾಲನ್ನೂ ಓದುತ್ತ ‘ನಮ್ಮಲ್ಲಿ ಇರುವುದು’ ಕಾಲಂನಲ್ಲಿ ಅದಕ್ಕೆ ಜೋಡಿ ಹುಡುಕಿ. ಇದನ್ನು ಯಂತ್ರಕ್ಕೆ ಬಿಡಬೇಡಿ. ಇಳಕಲ್ ಸೀರೆಯ ಟೋಪ ತೆನಿ ಸೆರಗಿನ ಬಗೆಗಳನ್ನು ದಾಖಲಿಸುವವರಿಗೂ ಸೀರೆ, ಖಣದ ಹೆಸರುಗಳು ತುಂಬಿರುವ ಸೋಬಾನೆ ಪದ ಸಂಗ್ರಹಿಸಿದವರಿಗೂ ಮಾತನಾಡುವ ವಿಷಯ ಎಷ್ಟಿದೆ ಎಂಬುದು ಮನುಷ್ಯರಿಗೆ ಮಾತ್ರ ಹೊಳೆಯುತ್ತದೆ. ಕರೇಜಿನ ಗಾಳಿಬಾವಿಗಳನ್ನು ನಕ್ಷೆಯಲ್ಲಿ ಗುರುತಿಸುವವರಿಗೆ ಆ ಓಣಿಯ ಉರ್ದು ಹಿರಿಯರ ಮಾತುಗಳನ್ನು ಮುದ್ರಿಸಿಕೊಂಡವರು ಸಿಕ್ಕರೆ, ಮಣ್ಣು ಮುಚ್ಚಿಹೋದ ಗಾಳಿಬಾವಿಯ ಜಾಗವೂ ತಿಳಿಯಬಹುದು. ಸುರಂಗ ನೆಲದೊಳಗೆ ನೀರನ್ನು ಊರಿಗೆ ತರುತ್ತಿತ್ತು, ಅಲ್ಲಲ್ಲಿ ಮೇಲಕ್ಕೆ ತೆರೆದ ಬಾವಿಗಳ ಸಾಲಷ್ಟೇ ಅದರ ಗುರುತು; ಒಂದು ಬಾವಿ ಕಾಣದಿದ್ದರೆ ಸುರಂಗದ ದಿಕ್ಕೇ ತಪ್ಪುತ್ತದೆ.

ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿ: ಎರಡೂ ಕಡೆಯವರು ಒಪ್ಪಿದ ಮೇಲೆಯೇ ಕೊಂಡಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ಅಲ್ಲಿಯವರೆಗೆ ಅದು ‘ಸೂಚನೆ’ ಮಾತ್ರ. ಹೊಸ ಕೊಂಡಿ ಹಾಕಿದ ದಿನವೇ ಇಬ್ಬರಿಗೂ ಫೋನ್ ಮಾಡಿ ಪರಿಚಯ ಮಾಡಿಸಿ. ‘ಸರ್, ನಿಮ್ಮ ಹಾಗೆಯೇ ಕೆಲಸ ಮಾಡುವ ಅಕ್ಕೋರು ಒಬ್ಬರು ಜಮಖಂಡಿಯಲ್ಲಿದ್ದಾರೆ, ಅವರ ಜೊತೆ ಒಮ್ಮೆ ಮಾತನಾಡಿ’ ಎಂಬ ಒಂದು ಮಾತು ಯಾವ ವಿನ್ಯಾಸದ ಪುಟಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ನಮ್ಮ ಜಿಲ್ಲೆಗಳಾಚೆಗಿನ ದೊಡ್ಡ ಸಹಯೋಗಗಳಿಗೂ ಕೊಂಡಿ ಇರಲಿ. 2003ರಿಂದ ನಡೆದಿರುವ ಕನ್ನಡ ವಿಕಿಪೀಡಿಯ, ಹಳೆಯ ಪುಸ್ತಕಗಳನ್ನು ಪಠ್ಯರೂಪಕ್ಕೆ ತರುವ ವಿಕಿಸೋರ್ಸ್, ಚಿತ್ರಗಳಿಗೆ ವಿಕಿಮೀಡಿಯ ಕಾಮನ್ಸ್, ನಕ್ಷೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಇವೆ. ಪಟ್ಟದಕಲ್ಲಿನ ಗುಡಿಗಳಿಗೆ, ಐಹೊಳೆಯ ಮೇಗುತಿ ಗುಡಿಯ 634ನೇ ಇಸವಿಯ ಶಾಸನಕ್ಕೆ ಸಂಬಂಧಿಸಿದ ಚಿತ್ರಗಳಿದ್ದರೆ ಅವುಗಳನ್ನು ನಿಮ್ಮ ಡೈರೆಕ್ಟರಿಯಲ್ಲಿ ತುಂಬಿಕೊಳ್ಳಬೇಡಿ. ಅವು ಇರುವ ಜಾಗವನ್ನು ತೋರಿಸಿ ಸಾಕು. ಡೈರೆಕ್ಟರಿ ದಾರಿ ತೋರಿಸಬೇಕೇ ಹೊರತು ಉಗ್ರಾಣವಾಗಬಾರದು. ಸಾಮಗ್ರಿಯನ್ನೂ ತನ್ನೊಳಗೆ ತುಂಬಿಕೊಳ್ಳಹೊರಟರೆ ಜಾಗಕ್ಕೆ ಹಣ ಬೇಕಾಗುತ್ತದೆ, ಹಕ್ಕಿನ ತಕರಾರು ಬರುತ್ತದೆ, ಇರುವ ನಾಲ್ಕು ಜನರ ಸಮಯ ಅದರಲ್ಲೇ ಹೋಗುತ್ತದೆ.

ಒಪ್ಪಿಗೆ ಮತ್ತು ಹಕ್ಕು

ಯಾರ ಹೆಸರು, ಫೋನ್ ಸಂಖ್ಯೆಯನ್ನೂ ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಬೇಡಿ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ದೇಶದಲ್ಲಿ ಕಾನೂನೇ ಬಂದಿದೆ. ಕಾನೂನು ಇರಲಿ ಬಿಡಲಿ, ಒಂದು ಫೋನ್ ಸಂಖ್ಯೆ ಎಲ್ಲರ ಕೈಗೆ ಸಿಕ್ಕರೆ ಹಳ್ಳಿಯ ಹೆಣ್ಣುಮಗಳೊಬ್ಬಳಿಗೆ ಎಷ್ಟು ಕಿರುಕುಳವಾಗಬಹುದು ಎಂಬುದು ನಮಗೆ ಗೊತ್ತಿದೆ. ಹಾಗಾಗಿ ಸಂಪರ್ಕದ ಕಾಲಂ ಎರಡಿರಲಿ: ಎಲ್ಲರಿಗೂ ಕಾಣುವುದು ಒಂದು, ನಿರ್ವಾಹಕರಿಗೆ ಮಾತ್ರ ಕಾಣುವುದು ಇನ್ನೊಂದು. ಎಲ್ಲರಿಗೂ ಕಾಣುವ ಕಡೆ ಸಂಸ್ಥೆಯ ಇಮೇಲ್ ಇದ್ದರೆ ಸಾಕು. ಎರಡನೆಯದನ್ನು ಅದೇ ಶೀಟಿನಲ್ಲಿ ಮರೆಮಾಡಿ ಇಡಬೇಡಿ, ಮರೆಮಾಡಿದ ಕಾಲಂ ಸುಲಭವಾಗಿ ಹೊರಬರುತ್ತದೆ; ಪ್ರತ್ಯೇಕ ಕಡತದಲ್ಲಿ ಇಡಿ. ಹದಿನೆಂಟು ವರ್ಷದೊಳಗಿನ ವಿದ್ಯಾರ್ಥಿಗಳ ವಿವರವನ್ನಂತೂ ಹಾಕಲೇಬೇಡಿ.

ಒಪ್ಪಿಗೆಯ ಮಾತನ್ನು ಕನ್ನಡದಲ್ಲಿ, ಎರಡು ಸಾಲಿನಲ್ಲಿ ಬರೆದು ಓದಿ ಹೇಳಿ. ಫೋನಿನಲ್ಲಿ ಒಪ್ಪಿದರೆ ಯಾವ ದಿನ, ಯಾರಿಗೆ ಹೇಳಿದರು ಎಂದು ಬರೆದಿಟ್ಟುಕೊಳ್ಳಿ. ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು ಎಂಬುದನ್ನೂ ಹೇಳಿ.

ಡೈರೆಕ್ಟರಿಯ ಮಾಹಿತಿಯನ್ನು ಬೇರೆಯವರು ಬಳಸಬಹುದೇ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬಿವೈ ಪರವಾನಗಿ ಕೊಟ್ಟರೆ ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು. ಸಿಸಿ ಜೀರೋ ಕೊಟ್ಟರೆ ಯಾವ ಷರತ್ತೂ ಇಲ್ಲ. ಬರಿಯ ಪಟ್ಟಿಗೆ ಸಿಸಿ ಜೀರೋ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ವಿಕಿಪೀಡಿಯದ ಸೋದರ ಮಾಹಿತಿಕೋಶವಾದ ವಿಕಿಡೇಟಾ ಅದೇ ಷರತ್ತಿನಲ್ಲಿ ನಡೆಯುತ್ತದೆ, ನಿಮ್ಮ ಮಾಹಿತಿ ಅಲ್ಲಿಗೆ ತೊಡಕಿಲ್ಲದೆ ಹೋಗುತ್ತದೆ. ಆದರೆ ಇದು ಪಟ್ಟಿಗೆ ಮಾತ್ರ. ಹಾಡು, ಚಿತ್ರ, ಬರಹಗಳ ಹಕ್ಕು ಆಯಾ ಗುಂಪಿನದು, ಹಾಡಿದವರದು. ಅದನ್ನು ಪ್ರತಿ ಸಾಲಿನಲ್ಲೂ ಸ್ಪಷ್ಟವಾಗಿ ನಮೂದಿಸಿ.

ಸಾಧನಗಳು

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಜನ ಇದಕ್ಕೇ ಬೇಕಿಲ್ಲದಷ್ಟು ಹೊತ್ತು ಕೊಡುತ್ತಾರೆ. ಗೂಗಲ್ ಶೀಟ್ಸ್‌ನಲ್ಲಿ ಶೀಟ್, ಹೊಸ ನಮೂದು ಕಳಿಸಲು ಒಂದು ಗೂಗಲ್ ಫಾರ್ಮ್, ಎಲ್ಲರಿಗೂ ಓದಲು ಮಾತ್ರ ತೆರೆದ ಒಂದು ಕೊಂಡಿ. ಇಷ್ಟರಲ್ಲಿ ಆರಂಭಿಸಬಹುದು. ಫಾರ್ಮಿನಿಂದ ಬಂದದ್ದು ನೇರವಾಗಿ ಪಟ್ಟಿಗೆ ಸೇರದೆ, ಒಬ್ಬ ನಿರ್ವಾಹಕರು ನೋಡಿದ ಮೇಲೆ ಸೇರಲಿ. ಯಾರಾದರೂ ತಪ್ಪಾಗಿ ಅಳಿಸಿದರೆ ಆವೃತ್ತಿಗಳ ಇತಿಹಾಸದಿಂದ ಹಿಂದಿನ ರೂಪ ತರಬಹುದು. ನಕ್ಷೆ ಬೇಕೆನಿಸಿದಾಗ ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಯುಮ್ಯಾಪ್‌ಗೆ ಅಕ್ಷಾಂಶ, ರೇಖಾಂಶಗಳಿರುವ ಸಿಎಸ್‌ವಿ ಕಡತವನ್ನು ಕೊಟ್ಟರೆ ಚುಕ್ಕೆಗಳು ಮೂಡುತ್ತವೆ. ಕಳ್ಳತನದ ಭಯವಿರುವ ವಿಗ್ರಹ, ವೀರಗಲ್ಲುಗಳ ನಿಖರ ಜಾಗವನ್ನು ಮಾತ್ರ ನಕ್ಷೆಯಲ್ಲಿ ತೋರಿಸಬೇಡಿ. ಊರಿನ ಮಟ್ಟಕ್ಕೆ ನಿಲ್ಲಿಸಿ.

ಮೊಬೈಲಿನ ಸಣ್ಣ ಪರದೆಯಲ್ಲಿ ಶೀಟ್ ಓದುವುದು ಕಷ್ಟ. ಅದಕ್ಕಾಗಿ ತಿಂಗಳಿಗೊಮ್ಮೆ ‘ಬೇಕಾದದ್ದು’ ಕಾಲಂನಿಂದ ಐದಾರು ಕೋರಿಕೆಗಳನ್ನು ಆರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಮೊಬೈಲಿಲ್ಲದ ಹಿರಿಯರಿಗೆ ಅದನ್ನೇ ಒಂದು ಹಾಳೆಯಲ್ಲಿ ಮುದ್ರಿಸಿ ಅರಿವು ಕೇಂದ್ರದ ಸೂಚನಾ ಫಲಕಕ್ಕೆ ಹಚ್ಚಿಸಿ.

ನೋಡಿಕೊಳ್ಳುವವರು

ಜಿಲ್ಲೆಗೆ ಇಬ್ಬರಂತೆ ಆರು ಜನ ನಿರ್ವಾಹಕರಿರಲಿ. ಒಬ್ಬರೇ ಇದ್ದರೆ ಅವರ ಮನೆಯ ಮದುವೆ, ಬಾಣಂತನದ ಹೊತ್ತಿಗೆ ಕೆಲಸ ನಿಲ್ಲುತ್ತದೆ. ಪ್ರತಿ ನಮೂದನ್ನೂ ವರ್ಷಕ್ಕೆ ಎರಡು ಸಲ ಫೋನ್ ಮಾಡಿ ವಿಚಾರಿಸಬೇಕು. ಕಾಲ ನೋಡಿ ಮಾಡಿ: ಮಾರ್ಚಿನಲ್ಲಿ ಶಿಕ್ಷಕರು ಪರೀಕ್ಷೆಯಲ್ಲಿರುತ್ತಾರೆ, ಹಿಂಗಾರಿ ಜೋಳದ ಸುಗ್ಗಿಯಲ್ಲಿ ರೈತರು ಹೊಲದಲ್ಲಿರುತ್ತಾರೆ, ಭಾರತ ಹುಣ್ಣಿಮೆಯ ಹೊತ್ತಿಗೆ ಸವದತ್ತಿ ಕಡೆಯವರಿಗೆ ಎಲ್ಲಮ್ಮನ ಜಾತ್ರೆ. ಜುಲೈ ಮತ್ತು ನವೆಂಬರ್ ತಿಂಗಳುಗಳು ಅನುಕೂಲ.

ಕರೆಯಲ್ಲಿ 3 ಪ್ರಶ್ನೆ ಸಾಕು: ಕೆಲಸ ನಡೆಯುತ್ತಿದೆಯೇ, ಇರುವುದರಲ್ಲಿ ಬೇಕಾದದ್ದರಲ್ಲಿ ಏನಾದರೂ ಬದಲಾಗಿದೆಯೇ, ಹಾಕಿದ ಕೊಂಡಿಯಿಂದ ಏನಾದರೂ ಆಯಿತೇ? ಉತ್ತರ ಏನೇ ಇರಲಿ, ಪರಿಶೀಲನೆಯ ದಿನಾಂಕ ಬದಲಿಸಿ. ಒಂದು ವರ್ಷ ದಾಟಿದ ಸಾಲುಗಳಿಗೆ ಬಣ್ಣ ಬರುವಂತೆ ಮಾಡಿಕೊಂಡರೆ ಯಾರಿಗೆ ಕರೆ ಮಾಡುವುದು ತಪ್ಪಿಹೋಗಿದೆ ಎಂಬುದು ತಾನಾಗಿಯೇ ಕಾಣುತ್ತದೆ.

ನಿಂತುಹೋದ ಕೆಲಸಗಳನ್ನು ಅಳಿಸಬೇಡಿ. ‘ಸದ್ಯ ನಿಂತಿದೆ’ ಎಂದು ಗುರುತಿಸಿ, ಅವರ ಸಾಮಗ್ರಿ ಈಗ ಯಾರ ಬಳಿ ಇದೆ ಎಂದು ಬರೆಯಿರಿ. ನಿವೃತ್ತರಾದ ಉಪನ್ಯಾಸಕರ ಮನೆಯ ಅಟ್ಟದಲ್ಲಿ ಕ್ಯಾಸೆಟ್ಟುಗಳ ಪೆಟ್ಟಿಗೆ ಇದೆ ಎಂಬ ಒಂದು ಸಾಲು ಮುಂದೆ ಯಾರಿಗೋ ವರ್ಷಗಳ ಅಲೆದಾಟ ತಪ್ಪಿಸುತ್ತದೆ. ಕ್ಯಾಸೆಟ್ಟಿನ ಟೇಪು ಕಾಲಕಳೆದಂತೆ ಹಾಳಾಗುತ್ತದೆ, ಆದ್ದರಿಂದ ಇಂತಹ ಸಾಲಿಗೆ ‘ತುರ್ತು’ ಎಂಬ ಗುರುತು ಹಾಕಿ, ಧ್ವನಿಯನ್ನು ಡಿಜಿಟಲ್ ರೂಪಕ್ಕೆ ತರಬಲ್ಲ ಗುಂಪಿನ ಜೊತೆ ಅಂದೇ ಕೊಂಡಿ ಹಾಕಿಸಿ.

ಕೊನೆಯದಾಗಿ, ಶೀಟಿನ ಒಡೆತನ ಒಬ್ಬರ ವೈಯಕ್ತಿಕ ಖಾತೆಯಲ್ಲಿ ಇರಬಾರದು. ಡೈರೆಕ್ಟರಿಯ ಹೆಸರಿನಲ್ಲೇ ಒಂದು ಖಾತೆ ತೆರೆದು, ಅದರ ಗುಪ್ತಪದ ಮತ್ತು ಮರುಪಡೆಯುವ ಫೋನ್ ಸಂಖ್ಯೆಯ ವಿವರ ಮೂರು ಜಿಲ್ಲೆಗಳ ತಲಾ ಒಬ್ಬ ನಿರ್ವಾಹಕರ ಬಳಿ ಇರಲಿ. ಮೂರು ತಿಂಗಳಿಗೊಮ್ಮೆ ಎರಡೂ ಶೀಟುಗಳ ಸಿಎಸ್‌ವಿ ಪ್ರತಿಯನ್ನು ಇಳಿಸಿಕೊಂಡು, ಎರಡೂ ಶೀಟುಗಳ ಒಂದು ಪ್ರತಿಯನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ, ಇನ್ನೊಂದು ಪ್ರತಿಯನ್ನು ಒಪ್ಪುವ ಒಂದು ಕಾಲೇಜು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಇಡಿ. ಖಾಸಗಿ ಸಂಪರ್ಕಗಳ ಕಡತವನ್ನು ಇವುಗಳೊಡನೆ ಸೇರಿಸಬೇಡಿ. ಅದರ ಪ್ರತಿ ನಿರ್ವಾಹಕರ ಬಳಿ ಮಾತ್ರ ಇರಬೇಕು. ನಿರ್ವಾಹಕರೊಬ್ಬರು ಬಿಟ್ಟುಹೋಗುವಾಗ ತಮ್ಮ ಪ್ರತಿಯನ್ನು ಅಳಿಸಿ, ಬಾಕಿ ಇರುವ ಕರೆಗಳ ಪಟ್ಟಿಯನ್ನು ಹೊಸಬರಿಗೆ ಒಪ್ಪಿಸಿ ಹೋಗಲಿ.